ಅಶ್ವಶಕ್ತಿಯೊಂದೇ ಅಳತೆಗೋಲಲ್ಲ

ಮಾನ್ಯರೇ, 450 ಅಶ್ವಶಕ್ತಿಯ 1970ರ ಷೆವರ್ಲೆ ಷೆವೆಲ್ ಎಸ್‌ಎಸ್ 454 ಇರುವಾಗ 1964ರ ಪಾಂಟಿಯಾಕ್ ಜಿಟಿಒ ಕಾರನ್ನು ಅಮೆರಿಕದ ಸರ್ವಶ್ರೇಷ್ಠ ಮಸಲ್ ಕಾರ್ (ಮಧ್ಯಮ ಗಾತ್ರದ ಒಡಲಲ್ಲಿ ದೊಡ್ಡ, ಬಲಿಷ್ಠ ಎಂಜಿನ್ ಹೊತ್ತ ಕಾರು) ಎಂದು ಏಕೆ ಒಪ್ಪಬೇಕೆಂದು ತಾವು ಕೇಳಿದ್ದೀರಿ. ವೇಗವನ್ನಷ್ಟೇ ನೋಡುವುದಾದರೆ ತಮ್ಮ ವಾದ ಸರಿಯೇ. ಆದರೂ ನನ್ನ ಮತ ಜಿಟಿಒಗೆ.

ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂಬ ನಿಯಮ ಆಗ ಪಾಂಟಿಯಾಕ್, ಷೆವರ್ಲೆ ಎರಡರ ಒಡೆಯ ಕಂಪನಿಯಾದ ಜನರಲ್ ಮೋಟಾರ್ಸ್‌ನಲ್ಲಿತ್ತು. ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು ತಮ್ಮ ದೊಡ್ಡ ಕಾರುಗಳ 389 ಘನ ಅಂಗುಲದ, ಅಂದರೆ ಸುಮಾರು 6.4 ಲೀಟರಿನ ವಿ8 (ಎಂಟು ಸಿಲಿಂಡರಿನ) ಎಂಜಿನ್ನನ್ನು ತಮ್ಮ ಮಧ್ಯಮ ಗಾತ್ರದ ಟೆಂಪೆಸ್ಟ್ ಲೆಮಾನ್ಸ್ ಕಾರಿನಲ್ಲಿ ಕೂರಿಸಿ, ಅದನ್ನು ಹೊಸ ಮಾದರಿಯೆನ್ನದೆ ಹೆಚ್ಚುವರಿ ಹಣ ಕೊಟ್ಟು ಪಡೆಯಬಹುದಾದ ಐಚ್ಛಿಕ ಪ್ಯಾಕೇಜ್ ಎಂದು ತೋರಿಸಿ ಆ ನಿಯಮದಿಂದ ನುಣುಚಿಕೊಂಡರು. (ಹೆಸರನ್ನೂ ಫೆರಾರಿಯಿಂದಲೇ ಎತ್ತಿಕೊಂಡರು, ಸಂಕೋಚ ಅವರ ಸ್ವಭಾವವಾಗಿರಲಿಲ್ಲ.) ಮೊದಲ ವರ್ಷವೇ 32,450 ಕಾರುಗಳು ಮಾರಾಟವಾದ ಮೇಲೆ ಉಳಿದ ತಯಾರಕರೂ ಅದೇ ಹಾದಿ ಹಿಡಿದರು.

ಷೆವೆಲ್‌ನ 454 ಘನ ಅಂಗುಲದ ಎಂಜಿನ್ ಬಂದದ್ದು, ಮಧ್ಯಮ ಗಾತ್ರದ ಕಾರುಗಳ ಮೇಲಿನ ಮಿತಿಯನ್ನು ಕಂಪನಿಯೇ 1970ಕ್ಕೆ ಸಡಿಲಿಸಿದ ನಂತರ. ಅದಲ್ಲದೆ ಆ 450 ಎಂಬುದು ಗ್ರಾಸ್ ಅಂಕಿ: ಏರ್ ಕ್ಲೀನರ್, ಸೈಲೆನ್ಸರ್ ಮೊದಲಾದವುಗಳ ಹೊರೆಯಿಲ್ಲದೆ ಎಂಜಿನ್ನನ್ನು ಪ್ರತ್ಯೇಕವಾಗಿ ಅಳೆದಾಗ ಸಿಗುವಂಥದ್ದು. ಇನ್ನೊಂದು ಹೆಸರಾಂತ ಮಸಲ್ ಕಾರ್, ಪ್ಲಿಮತ್‌ನ ಹೆಮಿ ಕುಡಾ, ಮನಮೋಹಕವಾದರೂ ತೀರಾ ವಿರಳ. ಜಿಟಿಒ ಸಾಮಾನ್ಯ ಯುವಕರ ಕೈಗೆಟುಕಿತ್ತು.