ಗಡ್ಡೆ ಒಡೀತು, ಇನ್ನು ಸವಾರಿ ಮಾಡ್ಬೋದಾ?

ಪ್ರಶ್ನೆ: ಡಾಕ್ಟ್ರೇ, ಜೋಗಿಮಟ್ಟಿ ಕಡೆ ಗ್ರೂಪ್ ರೈಡ್‌ಗೆ ಹೋಗಿ ಬಂದ ವಾರಕ್ಕೆ ನಮ್ಮ ಕುದುರೆಗೆ ಜ್ವರ, ಮೂಗಲ್ಲಿ ಕೀವು, ದವಡೆ ಕೆಳಗೆ ಗಡ್ಡೆ. ಸ್ಟ್ರಾಂಗಲ್ಸ್ ಅನ್ನೋ ಅಂಟುರೋಗ ಅಂದ್ರು. ಈಗ ಗಡ್ಡೆ ಒಡೆದು ಮೇವು ತಿಂತಿದೆ. ಜೀನು ಹಾಕ್ಬೋದಾ?
- ಓದುಗರು, ಚಿತ್ರದುರ್ಗ

ಉತ್ತರ: ಮೇವು ತಿಂತಿರೋದು ಒಳ್ಳೇದೇ, ಆದ್ರೆ ಜೀನು ಹಾಕೋ ಅವಸರ ಬೇಡ. ಇದಕ್ಕೆ ಕಾರಣ ಸ್ಟ್ರೆಪ್ಟೋಕಾಕಸ್ ಇಕ್ವೈ ಅನ್ನೋ ಬ್ಯಾಕ್ಟೀರಿಯಾ, ರೈಡಲ್ಲಿ ಎಲ್ಲಾ ಕುದುರೆ ಒಂದೇ ತೊಟ್ಟಿಗೆ ಮೂತಿ ಇಟ್ರೆ ಸಾಕು ಹಬ್ಬುತ್ತೆ, ಜ್ವರ ಇಳಿದ್ಮೇಲೂ ವಾರಗಟ್ಲೆ ಮೂಗಿಂದ ಬೀಳ್ತಾನೇ ಇರುತ್ತೆ, ಕೆಲವಕ್ಕಂತೂ ಗಂಟಲ ಮೇಲಿನ ಗಾಳಿಚೀಲದಲ್ಲಿ ತಿಂಗಳುಗಟ್ಲೆ ಅಡಗಿರುತ್ತೆ, ನೋಡೋಕೆ ಮಾತ್ರ ಕುದುರೆ ಫುಲ್ ಆರಾಮು! ಅದಕ್ಕೇ ವಾರಕ್ಕೊಂದರಂತೆ 3 ಸಲ ಮೂಗು-ಗಂಟಲಿನ ಸ್ಯಾಂಪಲ್ ಕೊಟ್ಟು ಮೂರೂ ನೆಗೆಟಿವ್ ಬರೋವರೆಗೂ ಬೇರೆ ಕಟ್ಟಿ. ಬಕೆಟ್, ಕಡಿವಾಣ, ಬ್ರಶ್ಶೂ ಬೇರೆ. ಒಣ ಸೊಪ್ಪೆ ಗಂಟಲಿಗೆ ಚುಚ್ಚುತ್ತೆ, ತವುಡು ನೆನೆಸಿ ಕೊಡಿ. ದಿನಾ ಟೆಂಪರೇಚರ್ ನೋಡಿ, 38.5 ಡಿಗ್ರಿ ದಾಟಿದ್ರೆ ಅಥವಾ ಕಾಲು, ಹೊಟ್ಟೆ ಕೆಳಗೆ ಊದಿಕೊಂಡ್ರೆ ಅವತ್ತೇ ಡಾಕ್ಟ್ರನ್ನ ಕರೆಸಿ, ಅದು ಬೇರೆ ಥರದ ಅಪಾಯ. ಡಾಕ್ಟ್ರು ಓಕೆ ಅಂದ್ಮೇಲೆ ಮೊದ್ಲು ಹಗ್ಗ ಹಿಡಿದು ಮೆಲ್ಲಗೆ ನಡೆಸಿ, ಓಟ ಆಮೇಲೆ. ಹಾಂ, ರೈಡ್‌ಗೆ ಬಂದಿದ್ದ ಉಳಿದವ್ರಿಗೂ ಒಂದು ಫೋನ್ ಮಾಡಿ, ಮರ್ಯಾದೆ ಗಿರ್ಯಾದೆ ಅಂತ ಮುಚ್ಚಿಡ್ಬೇಡಿ.