ಸರ್ವರ್‌ನಲ್ಲಿಟ್ಟ ಆಕ್ಸೆಸ್ ಕಡತಕ್ಕೆ ಬೀಗ ಎಲ್ಲಿ?

ಪ್ರಶ್ನೆ: ನಮ್ಮ ಕಚೇರಿಯ ಎಂಟು ಮಂದಿ ಮೈಕ್ರೋಸಾಫ್ಟ್ ಆಕ್ಸೆಸ್‌ನ ಒಂದೇ ಡೇಟಾಬೇಸ್ ಕಡತವನ್ನು ಸರ್ವರ್‌ನಿಂದ ನೇರವಾಗಿ ತೆರೆದು ಬಳಸುತ್ತಿದ್ದೇವೆ. ಯಾರೂ ಅದನ್ನು ಅಳಿಸದಿರಲೆಂದು ಫೋಲ್ಡರ್‌ಗೆ ಓದುವ ಅನುಮತಿಯನ್ನಷ್ಟೇ ಉಳಿಸಿ, ಬರೆಯುವ ಅನುಮತಿಯನ್ನು ಕಡತಕ್ಕೆ ಮಾತ್ರ ಕೊಟ್ಟೆವು. ಅಂದಿನಿಂದ ಒಬ್ಬರು ತೆರೆದರೆ ಇನ್ನೊಬ್ಬರಿಗೆ ತೆರೆಯುತ್ತಿಲ್ಲ. ಪರಿಹಾರವೇನು?

ಉತ್ತರ: ತೊಡಕಿರುವುದು ಫೋಲ್ಡರ್‌ನ ಅನುಮತಿಯಲ್ಲಿ. ಮೊದಲನೆಯವರು ಡೇಟಾಬೇಸನ್ನು ತೆರೆದಾಗ ಆಕ್ಸೆಸ್ ಅದೇ ಫೋಲ್ಡರ್‌ನಲ್ಲಿ, ಅದೇ ಹೆಸರಿನ, ಎಲ್‌ಎಸಿಸಿಡಿಬಿ ಎಂಬ ವಿಸ್ತರಣೆಯ ಬೀಗದ ಕಡತವೊಂದನ್ನು ಸೃಷ್ಟಿಸಿ, ಯಾವ ಕಂಪ್ಯೂಟರ್‌ನವರು ಒಳಗಿದ್ದಾರೆ ಎಂಬುದನ್ನು ಅದರಲ್ಲಿ ಬರೆದಿಡುತ್ತದೆ. ಕೊನೆಯವರು ಮುಚ್ಚಿದಾಗ ಅದನ್ನು ಅಳಿಸುತ್ತದೆ. ಈ ಕಡತ ಹುಟ್ಟದಿದ್ದರೆ ಹಂಚಿಕೊಂಡು ಬಳಸುವುದು ಸಾಧ್ಯವಿಲ್ಲ. ಆದ್ದರಿಂದ ಬಳಕೆದಾರರಿಗೆ ಆ ಫೋಲ್ಡರ್‌ನಲ್ಲಿ ಓದುವ, ಬರೆಯುವ, ಸೃಷ್ಟಿಸುವ, ಅಳಿಸುವ ಅನುಮತಿಗಳೆಲ್ಲ ಬೇಕು. ವಿಂಡೋಸ್‌ನಲ್ಲಿ ‘ಮಾಡಿಫೈ’ ಕೊಟ್ಟರೆ ಸಾಕು, ‘ಫುಲ್ ಕಂಟ್ರೋಲ್’ ಬೇಕಿಲ್ಲ. ಹಂಚಿಕೆಯ ಅನುಮತಿ (ನೆಟ್‌ವರ್ಕ್ ಮೂಲಕ ಬರುವವರಿಗೆ ಅನ್ವಯಿಸುವುದು) ಮತ್ತು ಎನ್‌ಟಿಎಫ್‌ಎಸ್ ಅನುಮತಿ (ಡಿಸ್ಕ್‌ನಲ್ಲಿರುವ ಫೋಲ್ಡರ್‌ಗೇ ಇರುವುದು) ಎರಡರಲ್ಲಿ ಹೆಚ್ಚು ಬಿಗಿಯಾದುದೇ ನಡೆಯುವುದರಿಂದ ಎರಡನ್ನೂ ನೋಡಿ. ಒಂದನ್ನು ಸರಿಪಡಿಸಿ ಇನ್ನೊಂದನ್ನು ಮರೆಯುವವರೇ ಹೆಚ್ಚು.

ಅಳಿಸಿಹೋಗುವ ನಿಮ್ಮ ಭಯ ನ್ಯಾಯವಾದುದೇ, ಆದರೆ ಅನುಮತಿಯನ್ನು ಕತ್ತರಿಸುವುದು ಅದಕ್ಕೆ ಮದ್ದಲ್ಲ. ಪ್ರತ್ಯೇಕ ಫೋಲ್ಡರ್ ಮಾಡಿ, ಎಂಟು ಮಂದಿಯ ಗುಂಪೊಂದನ್ನು ರಚಿಸಿ, ಆ ಗುಂಪಿಗೂ ನಿರ್ವಾಹಕರಿಗೂ ಬಿಟ್ಟು ಉಳಿದೆಲ್ಲರ ಪ್ರವೇಶವನ್ನು ತೆಗೆಯಿರಿ. ಬೀಗದ ಕಡತ ಮಾಯವಾದ ಮೇಲೆ, ಅಂದರೆ ಎಲ್ಲರೂ ಹೊರಬಂದ ಮೇಲೆ, ಆ ಗುಂಪಿಗೆ ಬರೆಯಲು ಅವಕಾಶವಿಲ್ಲದ ಬೇರೊಂದು ಜಾಗಕ್ಕೆ ಪ್ರತಿದಿನ ಪ್ರತಿ ತೆಗೆದಿಡಿ.

ಇದಕ್ಕೂ ಮುಖ್ಯವಾದುದು ಡೇಟಾಬೇಸನ್ನು ಎರಡಾಗಿ ಒಡೆಯುವುದು. ಮೊದಲು ಮೂಲ ಕಡತದ ಒಂದು ಪ್ರತಿಯನ್ನು ಉಳಿಸಿಕೊಂಡು, ‘ಡೇಟಾಬೇಸ್ ಟೂಲ್ಸ್’ನಲ್ಲಿರುವ ವಿಭಜಕವನ್ನು ಬಳಸಿದರೆ ಟೇಬಲ್‌ಗಳಷ್ಟೇ ಸರ್ವರ್‌ನ ಕಡತಕ್ಕೆ ಹೋಗುತ್ತವೆ, ಫಾರ್ಮ್, ಕ್ವೆರಿ, ರಿಪೋರ್ಟ್‌ಗಳಿರುವ ಕಡತದ ಒಂದೊಂದು ಪ್ರತಿಯನ್ನು ಪ್ರತಿಯೊಬ್ಬರ ಕಂಪ್ಯೂಟರ್‌ನಲ್ಲಿಯೇ ಇಡಬೇಕು. ಫಾರ್ಮ್, ರಿಪೋರ್ಟ್‌ಗಳ ವಿನ್ಯಾಸವನ್ನು ಯಾರೂ ಕೆದಕಬಾರದೆಂದಿದ್ದರೆ ಆ ಪ್ರತಿಯನ್ನು ಎಸಿಸಿಡಿಇ ರೂಪದಲ್ಲಿ ಹಂಚಿ. ಡ್ರೈವ್ ಅಕ್ಷರ ಒಂದೊಂದು ಕಂಪ್ಯೂಟರ್‌ನಲ್ಲಿ ಒಂದೊಂದು ಇರಬಹುದಾದ್ದರಿಂದ, ಸರ್ವರ್‌ನ ಹೆಸರಿನಿಂದ ಆರಂಭವಾಗುವ ಯುಎನ್‌ಸಿ ವಿಳಾಸದ ಮೂಲಕವೇ ಟೇಬಲ್‌ಗಳನ್ನು ಜೋಡಿಸಿ.

ಪ್ರಶ್ನೆ: ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಕೊಟ್ಟು, ಕೆಲವರು ನೋಡಲು ಮಾತ್ರ, ಕೆಲವರು ತಿದ್ದಲೂ ಬಹುದು ಎಂದು ಮಾಡಬಹುದೇ?

ಉತ್ತರ: ಹಳೆಯ ಎಂಡಿಬಿ ಕಡತಗಳಲ್ಲಿ ಅಂಥ ವ್ಯವಸ್ಥೆ ಇತ್ತು. 2007ರ ಆವೃತ್ತಿಯೊಂದಿಗೆ ಬಂದ ಎಸಿಸಿಡಿಬಿ ರೂಪದಲ್ಲಿ ಅದು ಇಲ್ಲ. ಇಡೀ ಕಡತವನ್ನು ಗೂಢಲಿಪೀಕರಿಸುವ ಒಂದೇ ಪಾಸ್‌ವರ್ಡ್ ಇದೆ, ಅದನ್ನು ಹಾಕಲು ಕಡತವನ್ನು ‘ಎಕ್ಸ್‌ಕ್ಲೂಸಿವ್’ ಆಗಿ ತೆರೆಯಬೇಕು. ಸರ್ವರ್‌ನ ಕಡತಕ್ಕೆ ಪಾಸ್‌ವರ್ಡ್ ಹಾಕಿದ ಮೇಲೆ ಟೇಬಲ್‌ಗಳನ್ನು ಮರುಜೋಡಿಸಬೇಕಾಗುತ್ತದೆ, ಆಗ ಪಾಸ್‌ವರ್ಡ್ ಆ ಜೋಡಣೆಯೊಳಗೇ ಉಳಿಯುತ್ತದೆ, ಬಲ್ಲವರು ಅದನ್ನು ಓದಬಲ್ಲರು. ಕಡತ ಹೊರಗಿನವರ ಕೈಗೆ ಸಿಕ್ಕರೆ ಇದು ಕಾಪಾಡೀತು, ಸಹೋದ್ಯೋಗಿಗಳ ನಡುವೆ ಗೋಡೆ ಕಟ್ಟಲಾರದು. ಟೇಬಲ್‌ಗಳನ್ನು ಅಡಗಿಸಿಡುವುದನ್ನಂತೂ ಭದ್ರತೆ ಎಂದು ನಾನು ಕರೆಯುವುದಿಲ್ಲ. ಹಕ್ಕುಗಳು ನಿಜವಾಗಿಯೂ ಬೇರೆಬೇರೆ ಇರಬೇಕಾದರೆ ಟೇಬಲ್‌ಗಳನ್ನು ಮೈಕ್ರೋಸಾಫ್ಟ್‌ನದೇ ದೊಡ್ಡ ಡೇಟಾಬೇಸ್ ವ್ಯವಸ್ಥೆಯಾದ ಎಸ್‌ಕ್ಯೂಎಲ್ ಸರ್ವರ್‌ಗೆ ಸಾಗಿಸಿ. ಫಾರ್ಮ್‌ಗಳು ಆಕ್ಸೆಸ್‌ನಲ್ಲಿಯೇ ಮುಂದುವರಿಯಬಹುದು. ಆಕ್ಸೆಸ್ ಕಡತಕ್ಕೆ 2 ಜಿಬಿ ಎಂಬ ಮಿತಿಯೂ ಇರುವುದರಿಂದ, ದತ್ತಾಂಶ ಬೆಳೆಯುತ್ತಿದ್ದರೆ ಈ ನಿರ್ಧಾರವನ್ನು ಬೇಗ ಮಾಡುವುದು ಒಳ್ಳೆಯದು.

ಪ್ರಶ್ನೆ: ಲ್ಯಾಪ್‌ಟಾಪ್‌ನಿಂದ ವೈಫೈ ಮೂಲಕ ಬಳಸಬಹುದೇ?

ಉತ್ತರ: ಬೇಡ. ಬರೆಯುತ್ತಿರುವಾಗ ಸಂಪರ್ಕ ಕಡಿದರೆ ಕಡತವೇ ಕೆಡಬಹುದು. ಸರ್ವರ್‌ನ ಕಡತವನ್ನು ಒನ್‌ಡ್ರೈವ್‌ನಂಥ ಸಿಂಕ್ ಫೋಲ್ಡರ್‌ನಲ್ಲಿ ಇಡುವುದೂ ಸಲ್ಲದು. ತಂತಿಯ ಸಂಪರ್ಕ ಸಾಧ್ಯವಿಲ್ಲದವರು ಕಚೇರಿಯ ಕಂಪ್ಯೂಟರ್‌ಗೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬಂದು ಕೆಲಸ ಮಾಡಲಿ.