ಟ್ರಿಮ್ ಊರು: ಒಂದು ದಿನ ಸಾಕಾ?

ಡಬ್ಲಿನ್‌ನಿಂದ ಹೋಗಿ ಒಂದೇ ದಿನದಲ್ಲಿ ಐರ್ಲೆಂಡಿನ ಟ್ರಿಮ್ ಊರನ್ನು ನಡೆದು ನೋಡಬಹುದಾ, ಜೊತೆಗೆ ಮೊಣಕಾಲು ನೋವಿರುವ ಅಪ್ಪ ಇದ್ದಾರೆ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಸುಮಾರು ಐವತ್ತು ಕಿಲೋಮೀಟರ್ ದೂರ, ಬಸ್ಸಿದೆ.

ಮೊದಲು ಕೋಟೆಗೇ ಹೋಗಿ. ನಾರ್ಮನ್ ಸರದಾರ ಹ್ಯೂ ಡಿ ಲೇಸಿ 1170ರ ದಶಕದಲ್ಲಿ ಶುರು ಮಾಡಿದ್ದು. ನಡುವಿನ ಗೋಪುರಕ್ಕೆ ಇಪ್ಪತ್ತು ಮೂಲೆಗಳಿವೆ. ಅದರೊಳಗೆ ಗೈಡ್ ಜೊತೆಗೇ ಹೋಗಬೇಕು. ಮೆಟ್ಟಿಲು ಕಿರಿದು, ಕಡಿದಾದದ್ದು. ಅಪ್ಪನನ್ನು ಹತ್ತಿಸಬೇಡಿ, ಕೆಳಗಿನ ಹುಲ್ಲಿನ ಅಂಗಳವೇ ಅವರಿಗೆ ಚೆನ್ನ.

ಆಮೇಲೆ ಬಾಯ್ನ್ ನದಿ ದಾಟಿ ಯೆಲ್ಲೋ ಸ್ಟೀಪಲ್ ಅನ್ನುವ ಪಾಳು ಗಂಟೆಗೋಪುರ, ಶೀಪ್ ಗೇಟ್ ನೋಡಿ. ಹಳೇ ಊರಗೋಡೆಯ ಬಾಗಿಲುಗಳಲ್ಲಿ ಉಳಿದಿರುವುದು ಶೀಪ್ ಗೇಟ್ ಒಂದೇ. ಅಲ್ಲಿಂದ ನದಿ ದಂಡೆ ಹಿಡಿದು ನ್ಯೂಟೌನ್‌ವರೆಗೆ ನಡೆಯಿರಿ. ಇದನ್ನು ಮಾತ್ರ ಬಿಡಬೇಡಿ. ಅಲ್ಲಿನ ಪಾಳುಬಿದ್ದ ಚರ್ಚಿನಲ್ಲಿ ಹದಿನಾರನೇ ಶತಮಾನದ ನ್ಯಾಯಾಧೀಶ ಸರ್ ಲೂಕಸ್ ಡಿಲನ್ ದಂಪತಿಯ ಕಲ್ಲಿನ ಸಮಾಧಿಯಿದೆ, ಇಬ್ಬರ ನಡುವೆ ಒಂದು ಕತ್ತಿ. ನರಹುಲಿ ಹೋಗಲಿ ಅಂತ ಜನ ಅಲ್ಲಿ ಗುಂಡುಸೂಜಿ ಇಟ್ಟು ಬರುತ್ತಾರೆ. ಅಪ್ಪನಿಗೆ ಆ ದೂರ ಜಾಸ್ತಿ ಅನಿಸಿದರೆ ಟ್ಯಾಕ್ಸಿ ಮಾಡಿ.

ಊರೊಳಗಿನ ವೆಲ್ಲಿಂಗ್ಟನ್ ಕಂಬ ನಮ್ಮವರಿಗೆ ಬೇರೆ ಥರ ಕಾಣಬೇಕು ಅಲ್ವಾ? 1799ರಲ್ಲಿ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಆಡಳಿತ ಹಿಡಿದ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದದ್ದು, ಕಂಬ ಆತನದೇ. ಅದಕ್ಕೂ ಮುಂಚೆ ಐರಿಷ್ ಸಂಸತ್ತಿನಲ್ಲಿ ಟ್ರಿಮ್‌ನ ಪ್ರತಿನಿಧಿಯಾಗಿದ್ದ. ಅಪ್ಪನಿಗೆ ಇದನ್ನು ಮೊದಲೇ ಹೇಳಿರಿ. ಮತ್ತೆ, ಮಳೆ ಕೋಟು ಮರೆಯಬೇಡಿ.